ಗ್ಯಾಸ್ ಡಿಟೆಕ್ಟರಿಗೆ ಇರುವ ಗಡುವು ನಮಗೂ ಇರಲಿ

ಕಡಲಲ್ಲಿ ಎಣ್ಣೆ ತೆಗೆಯುವ ಕಂಪನಿಗಳ ಮುಖ್ಯಸ್ಥರಿಗೆ, ನಮ್ಮನ್ನು ಅಲ್ಲಿಗೆ ಕಳಿಸುವ ಗುತ್ತಿಗೆ ಕಂಪನಿಗಳಿಗೆ, ಕಡಲ ಸುರಕ್ಷತೆಯ ನಿಯಮ ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕಡಲ ನಡುವಿನ ಪ್ಲಾಟ್‌ಫಾರ್ಮಿನಲ್ಲಿ ಗ್ಯಾಸ್ ಡಿಟೆಕ್ಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸದ ದೊಡ್ಡ ಪಾಲು. ಎಲ್ಲಾದರೂ ಗ್ಯಾಸ್ ಸೋರಿದರೆ ಮನುಷ್ಯರಿಗಿಂತ ಮೊದಲು ಅದಕ್ಕೆ ಗೊತ್ತಾಗಬೇಕು. ಅದಕ್ಕೇ ಪ್ರತಿ ಡಿಟೆಕ್ಟರಿಗೂ ಒಂದು ದಿನಾಂಕ ಇರುತ್ತದೆ. ಆ ದಿನದೊಳಗೆ ಅದಕ್ಕೆ ಪರೀಕ್ಷೆಯ ಗ್ಯಾಸ್ ಹಿಡಿದು, ಸರಿಯಾಗಿ ಓದುತ್ತಿದೆಯಾ ಅಂತ ನೋಡಲೇಬೇಕು. ದಿನಾಂಕ ದಾಟಿದರೆ ಕಂಪ್ಯೂಟರಿನಲ್ಲಿ ಕೆಂಪು ಗೆರೆ ಬೀಳುತ್ತದೆ. ದಡದ ಆಫೀಸಿನಿಂದ ಫೋನ್ ಬರುತ್ತದೆ. ಇನ್ನೂ ನಾಲ್ಕು ದಿನ ಬೇಕು ಅಂದರೆ ಸುಮ್ನೆ ಕೊಡುವುದಿಲ್ಲ. ಯಾಕೆ ತಡ, ಅಲ್ಲಿಯವರೆಗೆ ಏನು ಎಚ್ಚರಿಕೆ, ಒಪ್ಪಿಗೆ ಕೊಟ್ಟವರು ಯಾರು ಅಂತ ಬರೆದು, ಹೆಸರು ಹಾಕಿ, ಸಹಿ ಮಾಡಬೇಕು.

2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ನನ್ನ 28 ದಿನದ ಪಾಳಿ 61 ದಿನ ನಡೆಯಿತು. ಯಾವ ಕಂಪ್ಯೂಟರಿನಲ್ಲೂ ಕೆಂಪು ಗೆರೆ ಬೀಳಲಿಲ್ಲ. ಯಾರೂ ಸಹಿ ಮಾಡಲಿಲ್ಲ.

ಇಷ್ಟು ವರ್ಷ ಆದಮೇಲೆ ಇದನ್ನು ಯಾಕೆ ಎತ್ತುತ್ತಿದ್ದೀಯ ಅಂತ ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತು ಸ್ಥಿತಿ ಮುಗಿಯಿತು ಅಂತ ಹೇಳಿದ್ದು 2023ರ ಮೇ 5ರಂದು. ಅದಾದ ಮೇಲೆ ಎಲ್ಲರಿಗೂ ಮರೆಯುವ ಆತುರ, ನನಗೂ ಇತ್ತು. ಆದರೆ ಕಳೆದ ಪಾಳಿಯಲ್ಲಿ ನಮ್ಮ ತುರ್ತು ಯೋಜನೆಯ ಹೊಸ ಪುಸ್ತಕ ಬಂತು. ಎಲ್ಲರೂ ಓದಿ ಸಹಿ ಹಾಕಬೇಕು ಅಂತ ಮೆಸ್‌ನಲ್ಲಿ ಇಟ್ಟಿದ್ದರು. ಬೆಂಕಿ ಬಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಹಲವು ಪುಟ. ಗ್ಯಾಸ್ ಸೋರಿದರೆ, ಆಳು ಕಡಲಿಗೆ ಬಿದ್ದರೆ, ಹೆಲಿಕಾಪ್ಟರ್ ನೀರಿಗೆ ಇಳಿದರೆ, ಬಿರುಗಾಳಿ ಬಂದರೆ, ಒಂದೊಂದಕ್ಕೂ ಒಂದೊಂದು ಅಧ್ಯಾಯ. ಸಾಂಕ್ರಾಮಿಕ ರೋಗಕ್ಕೆ ಮಾತ್ರ ಒಂದೇ ಸಾಲು. ಆಗಿನ ಸರ್ಕಾರಿ ಸೂಚನೆಗಳಂತೆ ನಡೆದುಕೊಳ್ಳುವುದು. ಅಷ್ಟೇ. ಆ ಸಾಲಿನ ಕೆಳಗೆ ಸಹಿ ಹಾಕಲು ನನ್ನ ಕೈ ಬರಲಿಲ್ಲ. ಸೇಫ್ಟಿ ಆಫೀಸರ್ ಕೇಳಿದರು. ಬರೆದು ಕೊಡುತ್ತೇನೆ ಸಾರ್ ಅಂದೆ. ಬರೆಯುತ್ತಾ ಹೋದಂತೆ ಇದು ಒಂದು ಪ್ಲಾಟ್‌ಫಾರ್ಮಿನ ವಿಷಯ ಅಲ್ಲ ಅನ್ನಿಸಿತು. ಹಾಗಾಗಿ ನಿಮ್ಮೆಲ್ಲರಿಗೆ.

ಪ್ಲಾಟ್‌ಫಾರ್ಮ್ ನೋಡದವರೂ ಇದನ್ನು ಓದಬಹುದು, ಅವರಿಗಾಗಿ ಒಂದೆರಡು ಮಾತು. ಉಕ್ಕಿನ ಕಾಲುಗಳ ಮೇಲೆ ನಿಂತ ಒಂದು ಕಾರ್ಖಾನೆ ಅಂದುಕೊಳ್ಳಿ. ಅದರ ಒಂದು ಬದಿಗೆ ಅಂಟಿಕೊಂಡಂತೆ ನಾವು ಮಲಗುವ ಕಟ್ಟಡ. ಕ್ಯಾಬಿನ್ನಿಗೆ ಇಬ್ಬರು, ಕೆಲವು ಕಡೆ ನಾಲ್ವರು. ಹಗಲು ಪಾಳಿಯವನು ಎದ್ದು ಹೋದ ಬಂಕಿನಲ್ಲೇ ರಾತ್ರಿ ಪಾಳಿಯವನು ಬಂದು ಮಲಗುವುದೂ ಉಂಟು. ಹೊರಗಿನ ಗ್ಯಾಸ್ ಒಳಗೆ ನುಗ್ಗಬಾರದು, ಅದಕ್ಕೆ ಕಿಟಕಿ ತೆಗೆಯುವ ಮಾತೇ ಇಲ್ಲ. ಒಂದೇ ಮೆಸ್, ಒಂದೇ ಲಾಂಡ್ರಿ, ಬೂಟು ಬಿಚ್ಚಲು ಒಂದೇ ಕೋಣೆ. ದಿನಕ್ಕೆ 12 ಗಂಟೆ ಕೆಲಸ. 14, 21 ಅಥವಾ 28 ದಿನ ರಜೆ ಇಲ್ಲದೆ ದುಡಿದರೆ ಆಮೇಲೆ ಅಷ್ಟು ದಿನ ಮನೆ. ಅಂತರ ಕಾಪಾಡಿ ಅಂತ ಪೋಸ್ಟರ್ ಕಳಿಸಿದ್ದಿರಿ. ಅದನ್ನು ಅಂಟಿಸಿದ ಕಾರಿಡಾರಿನಲ್ಲಿ ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಬೆನ್ನು ಒತ್ತಿ ನಿಲ್ಲಬೇಕು. ಒತ್ತಿ ನಿಂತವನ ಬೆನ್ನ ಹಿಂದೆ ಆ ಪೋಸ್ಟರ್ ಇರುತ್ತಿತ್ತು.

ಇಂಥ ಮುಚ್ಚಿದ ಜಾಗಕ್ಕೆ ಈ ರೋಗ ಹೊಕ್ಕರೆ ಏನಾಗುತ್ತದೆ ಅನ್ನುವುದು ಆಗಲೇ ಜಗತ್ತಿಗೆ ಗೊತ್ತಾಗಿತ್ತು. 2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಅನ್ನುವ ಪ್ರವಾಸಿ ಹಡಗಿನಲ್ಲಿ 3,711 ಜನರಿದ್ದರು, ಅವರಲ್ಲಿ 712 ಮಂದಿಗೆ ಸೋಂಕು ತಗುಲಿತು. ಮುಂದಿನ ತಿಂಗಳು ಅಮೆರಿಕದ ಯುದ್ಧನೌಕೆ ಥಿಯೋಡೋರ್ ರೂಸ್‌ವೆಲ್ಟ್‌ನಲ್ಲಿ ಶುರುವಾಯಿತು. ಸುಮಾರು 4,800 ಸಿಬ್ಬಂದಿಯಲ್ಲಿ 1,200ಕ್ಕೂ ಜಾಸ್ತಿ ಜನರಿಗೆ ಬಂತು. ಅವರು ಗಟ್ಟಿಮುಟ್ಟಾದ ಯೋಧರು. ನಮ್ಮಲ್ಲಿ ಐವತ್ತು ದಾಟಿದವರು, ಬಿಪಿ, ಶುಗರ್ ಇದ್ದವರು ಬೇಕಾದಷ್ಟು ಮಂದಿ.

ಅದೇ ಹೊತ್ತಿಗೆ ಎಣ್ಣೆಯ ಬೆಲೆ ಕುಸಿಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ಎಣ್ಣೆ ಬ್ಯಾರೆಲ್ಲಿಗೆ ಮೈನಸ್ 37.63 ಡಾಲರಿಗೆ ಇಳಿಯಿತು. ಎಣ್ಣೆ ಒಯ್ಯಿ, ನಾವೇ ದುಡ್ಡು ಕೊಡುತ್ತೇವೆ ಅನ್ನುವ ಲೆಕ್ಕ ಅದು. ಮೆಸ್‌ನ ಟಿವಿಯಲ್ಲಿ ಅದನ್ನು ನೋಡಿ ಯಾರೋ ನಕ್ಕರು, ಉಳಿದವರು ನಗಲಿಲ್ಲ. ಸರಿಯಾಗಿ ಹತ್ತು ವರ್ಷದ ಹಿಂದೆ, 2010ರ ಅದೇ ಏಪ್ರಿಲ್ 20ರಂದು, ಡೀಪ್‌ವಾಟರ್ ಹೊರೈಜನ್ ಅನ್ನುವ, ಕಡಲಲ್ಲಿ ಎಣ್ಣೆ ಬಾವಿ ಕೊರೆಯುವ ರಿಗ್ ಸ್ಫೋಟವಾಗಿ 11 ಜನ ಸತ್ತಿದ್ದರು. ದಿನಾಂಕ ಹೊಂದಿದ್ದು ಕಾಕತಾಳೀಯ. ಆದರೆ ಪ್ರತಿ ವರ್ಷ ಆ ದಿನ ಸುರಕ್ಷತೆಯ ಸಭೆಯಲ್ಲಿ ಅವರನ್ನು ನೆನೆಯುವ ನಾವು, ಆ ವರ್ಷ ಯಾರ ಕೆಲಸ ಹೋಗುತ್ತದೆ ಅನ್ನುವುದನ್ನಷ್ಟೇ ಮಾತಾಡಿದೆವು.

ಕೆಲಸ ಹೋಗುವ ಈ ಭಯವನ್ನು ದಯವಿಟ್ಟು ನೆನಪಿಡಿ. ಮುಂದೆ ಹೇಳುವುದೆಲ್ಲ ಅದಕ್ಕೆ ತಗುಲಿಕೊಂಡಿದೆ.

ಮೊದಲು ಪ್ರಯಾಣದ ಲೆಕ್ಕ. ಪ್ಲಾಟ್‌ಫಾರ್ಮಿಗೆ ಹೋಗುವ ಮುಂಚೆ 14 ದಿನ ಹೋಟೆಲ್ಲಿನ ಕೋಣೆಯಲ್ಲಿ ಕ್ವಾರಂಟೈನ್. ಸೋಂಕು ತಗುಲಿ ಲಕ್ಷಣ ಕಾಣಲು 14 ದಿನದವರೆಗೂ ಆಗಬಹುದು ಅನ್ನುವುದು ಅದರ ಹಿಂದಿನ ಕಾರಣ. ಅದು ಸರಿಯೇ, ನನ್ನ ತಕರಾರಿಲ್ಲ. ಆದರೆ ಆ 14 ದಿನ ಯಾರ ಖಾತೆಗೆ? ನನ್ನ ರಜೆಯಿಂದ ಹೋಯಿತು. ಪಾಳಿ ಮುಗಿಸಿ ದಡಕ್ಕೆ ಬಂದರೆ ಮನೆಗೆ ಬಿಡುವ ಮುಂಚೆ ಇನ್ನೊಂದು 14. ಅದೂ ರಜೆಯಿಂದಲೇ. 28 ದಿನದ ರಜೆಯಲ್ಲಿ ಎರಡು 14 ಕಳೆಯಲು ಲೆಕ್ಕದ ಮೇಷ್ಟ್ರು ಬೇಕಿಲ್ಲ. ನನ್ನದು 14 ದಿನ ಹೋಟೆಲ್, 61 ದಿನ ಕಡಲು, ಮತ್ತೆ 14 ದಿನ ಹೋಟೆಲ್. ಮನೆ ಬಾಗಿಲು ದಾಟಿ ಹೋದವನು ಮತ್ತೆ ಅದೇ ಬಾಗಿಲಿಗೆ ಬಂದದ್ದು 89 ದಿನ ಆದಮೇಲೆ. ಸಂಬಳದ ಲೆಕ್ಕಕ್ಕೆ ಬಂದದ್ದು 61. ಉಳಿದ 28 ದಿನ ನಾನು ಕೆಲಸದಲ್ಲೂ ಇರಲಿಲ್ಲ, ರಜೆಯಲ್ಲೂ ಇರಲಿಲ್ಲ. ಬಾಗಿಲ ಹೊರಗೆ ಊಟ ಇಟ್ಟು ಹೋಗುವವರ ಕಾಲಿನ ಸದ್ದು ಬಿಟ್ಟರೆ ಬೇರೆ ಮನುಷ್ಯರ ಸುಳಿವಿಲ್ಲದ ಒಂದು ಕೋಣೆಯಲ್ಲಿದ್ದೆ.

ನಾನು ಗುತ್ತಿಗೆಯವನು. ಪಕ್ಕದ ಕೋಣೆಯಲ್ಲಿ ಅದೇ ಪ್ಲಾಟ್‌ಫಾರ್ಮಿಗೆ ಹೊರಟ ಕಂಪನಿಯ ಪರ್ಮನೆಂಟ್ ನೌಕರ ಇದ್ದರು. ಅವರಿಗೆ ಕ್ವಾರಂಟೈನ್ ದಿನಕ್ಕೂ ಸಂಬಳ ಇತ್ತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ನ್ಯಾಯವಾಗಿ ಬಂದದ್ದು. ಅದೇ ನ್ಯಾಯ ಗೋಡೆ ದಾಟಿ ಈಚೆ ಯಾಕೆ ಬರಲಿಲ್ಲ ಅನ್ನುವುದಷ್ಟೇ ಪ್ರಶ್ನೆ. ಲೈಫ್‌ಬೋಟಿನಲ್ಲಿ ಸೀಟಿನ ನಂಬರ್ ಕೊಡುವಾಗ ಯಾರು ಗುತ್ತಿಗೆ, ಯಾರು ಪರ್ಮನೆಂಟ್ ಅಂತ ನೀವು ಕೇಳುವುದಿಲ್ಲ, ಅಲ್ವಾ?

ಹೆಲಿಕಾಪ್ಟರಿನ ಮಾತು ಸ್ವಲ್ಪ ಹೇಳಬೇಕು. ಹತ್ತಾರು ಜನ ಭುಜಕ್ಕೆ ಭುಜ ತಾಗಿಸಿ ಕೂರುವ ಡಬ್ಬಿ ಅದು. ಮೈಮೇಲೆ ನೀರು ಒಳಬಿಡದ ದಪ್ಪ ಸೂಟು, ಅದರ ಮೇಲೆ ಲೈಫ್ ಜಾಕೆಟ್. ಕೋವಿಡ್ ಹೊತ್ತಿನಲ್ಲಿ ಮುಖಕ್ಕೆ ಮಾಸ್ಕ್ ಕೂಡ. ಹೆಲಿಕಾಪ್ಟರ್ ನೀರಿಗೆ ಬಿದ್ದರೆ ಉಸಿರಾಡಲು ಜಾಕೆಟ್ಟಿನಲ್ಲಿ ಒಂದು ಸಾಧನ ಇರುತ್ತದೆ, ಅದರ ತುದಿಯನ್ನು ಬಾಯಿಗೆ ಕಚ್ಚಿಕೊಳ್ಳಬೇಕು. ಮಾಸ್ಕ್ ಇದ್ದರೆ ಕಚ್ಚುವುದು ಹೇಗೆ? ಮೊದಲು ಮಾಸ್ಕ್ ಕಿತ್ತೆಸೆಯಬೇಕು. ಹೇಳಲು ಸುಲಭ. ಬಿದ್ದ ಹೆಲಿಕಾಪ್ಟರ್ ನೀರಲ್ಲಿ ಮಗುಚುತ್ತದೆ, ತಲೆಕೆಳಗಾಗಿ, ಕತ್ತಲಲ್ಲಿ, ಇರುವುದು ಕೆಲವೇ ಸೆಕೆಂಡು. ಅದನ್ನು ಈಜುಕೊಳದಲ್ಲಿ ನಿಜವಾದ ಹಾಗೆ ಮಗುಚಿ ಕಲಿಸುತ್ತಾರೆ, 4 ವರ್ಷಕ್ಕೊಮ್ಮೆ ಮತ್ತೆ ಮಾಡಿಸುತ್ತಾರೆ. ಮೂಗಿಗೆ ನೀರು ಹೋಗಿ ಕಣ್ಣು ಉರಿಯುವ ಆ ದಿನವನ್ನು ಎಲ್ಲರೂ ಬೈದುಕೊಂಡೇ ಮಾಡುತ್ತಾರೆ. ತರಬೇತಿ ಕೇಂದ್ರಗಳು ಮುಚ್ಚಿದಾಗ ಸರ್ಟಿಫಿಕೇಟುಗಳ ಅವಧಿಯನ್ನು ಮುಂದಕ್ಕೆ ಹಾಕಿದರು. ಕಾಗದದ ಆಯಸ್ಸು ಬೆಳೆಯಿತು. ಕೈಕಾಲಿಗಿದ್ದ ನೆನಪಿನ ಆಯಸ್ಸು ಬೆಳೆಯಲಿಲ್ಲ. ಆದರೂ ಇಲ್ಲಿ ಒಂದು ಒಳ್ಳೆಯ ಮಾತು ಹೇಳಬೇಕು. ಅವಧಿ ಮುಂದಕ್ಕೆ ಹಾಕುವಾಗ ಅದನ್ನು ಬರೆದು, ಎಷ್ಟು ದಿನ ಅಂತ ಮಿತಿ ಹೇಳಿ ಹಾಕಿದರು. ಕಾಗದಕ್ಕೆ ಸಿಕ್ಕಿದ ಆ ಮರ್ಯಾದೆ ನಮ್ಮ ಪಾಳಿಗೆ ಸಿಗಲಿಲ್ಲ.

ಇನ್ನು ಜ್ವರದ ವಿಷಯ. ಇದನ್ನು ಬರೆಯುವುದು ನನಗೆ ಕಷ್ಟ, ಯಾಕಂದರೆ ಇದರಲ್ಲಿ ನನ್ನ ತಪ್ಪೂ ಇದೆ.

ನನ್ನ ಕ್ಯಾಬಿನ್ನಿನಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟುವ ಹುಡುಗನೊಬ್ಬ ಇದ್ದ. ಒಂದು ರಾತ್ರಿ ಅವನ ಹಲ್ಲು ಕಟಕಟ ಅನ್ನುವುದು ಕೇಳಿ ಎಚ್ಚರವಾಯಿತು. ಲೈಟ್ ಹಾಕಿದೆ. ಕಂಬಳಿ ಹೊದ್ದು ನಡುಗುತ್ತಿದ್ದ. ಮೆಡಿಕ್ ಕರೆಯುತ್ತೇನೆ ಅಂದೆ. ಕೈ ಹಿಡಿದುಕೊಂಡ. "ಬೇಡ ಅಣ್ಣಾ. ಹೇಳಿದ್ರೆ ಇಳಿಸಿ ಕಳಿಸ್ತಾರೆ. ಇಳಿದ ದಿನದಿಂದ ಸಂಬಳ ನಿಲ್ಲುತ್ತೆ. ಮತ್ತೆ ಕರೀತಾರೋ ಇಲ್ವೋ." ಬೆಳಿಗ್ಗೆ ಸರಿ ಹೋಗುತ್ತೆ ಅಂತ ಎರಡು ಪ್ಯಾರಾಸಿಟಮಾಲ್ ನುಂಗಿದ. ನಾನೂ ಸುಮ್ಮನಾದೆ. ಬೆಳಿಗ್ಗೆ ಮೆಸ್ ಬಾಗಿಲಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಅವನಿಗೆ ಹಸಿರು ತೋರಿಸಿತು. ಮಾತ್ರೆ ತನ್ನ ಕೆಲಸ ಮಾಡಿತ್ತು. ಆ ಮಾತ್ರೆಯ ವಿಷಯ ಕ್ಯಾಬಿನ್ನುಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಥರ್ಮಾಮೀಟರ್ ಕೊಳ್ಳಲು ಹೇಳಿದವರಿಗೆ ಮಾತ್ರ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಅವನು ಮೆಟ್ಟಿಲ ಮೇಲೆ ಕುಸಿದ. ಆ ವಾರ ಮುಗಿಯುವಷ್ಟರಲ್ಲಿ ನಾನೂ ಸೇರಿ ಒಂಬತ್ತು ಜನರಿಗೆ ಬಂದಿತ್ತು. ಇಡೀ ಪ್ಲಾಟ್‌ಫಾರ್ಮಿಗೆ ಒಬ್ಬರೇ ಮೆಡಿಕ್. ಇದ್ದ ಆಕ್ಸಿಜನ್ ಸಿಲಿಂಡರುಗಳನ್ನು ಅವರು ಬೆರಳಲ್ಲಿ ಎಣಿಸುವುದನ್ನು ನಾನು ನೋಡಿದೆ. ಎರಡು ದಿನ ಮಂಜು ಮುಸುಕಿ ಹೆಲಿಕಾಪ್ಟರ್ ಬರಲಿಲ್ಲ. ಹುಡುಗ ಉಳಿದುಕೊಂಡ. ಒಂಬತ್ತೂ ಜನ ಉಳಿದೆವು. ಅದು ನಮ್ಮ ಅದೃಷ್ಟ, ಯೋಜನೆಯ ಫಲ ಅಂತ ಯಾರೂ ಬರೆದುಕೊಳ್ಳಬೇಡಿ.

ಆಮೇಲೆ ವಿಚಾರಣೆ ನಡೆದು, ಲಕ್ಷಣ ಮುಚ್ಚಿಟ್ಟ ಅಂತ ಆ ಹುಡುಗನನ್ನು ಕೆಲಸದಿಂದ ತೆಗೆದರು. ಅವನು ತಪ್ಪು ಮಾಡಿದ, ಹೌದು. ಆದರೆ ಸತ್ಯ ಹೇಳಿದರೂ ಕೆಲಸ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೂ ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿಬೀಳದಿದ್ದರೆ ಮಾತ್ರ ಉಳಿಯುತ್ತದೆ ಅನ್ನುವ ವ್ಯವಸ್ಥೆ ಕಟ್ಟಿದ್ದು ಅವನಲ್ಲ. ನನ್ನ ಡಿಟೆಕ್ಟರುಗಳನ್ನೇ ನೋಡಿ. ಗ್ಯಾಸ್ ಇದೆ ಅಂತ ಕೂಗಿದ ಡಿಟೆಕ್ಟರನ್ನು ಕಿತ್ತು ಕಡಲಿಗೆ ಎಸೆಯುವ ನಿಯಮ ಮಾಡಿದರೆ, ಮತ್ತು ಅದಕ್ಕೂ ನಮ್ಮಂತೆ ಬುದ್ಧಿ ಇದ್ದರೆ, ಅದು ಕೂಗುತ್ತದಾ?

ಒಂದು ಪಕ್ಕದ ಮಾತು. ಸೋಂಕು ಬಂದಾಗ ನನಗೆ ಮೂರು ವಾರ ವಾಸನೆ ಗೊತ್ತಾಗಲಿಲ್ಲ. ಬೇರೆಯವರಿಗೆ ಅದು ಊಟ ರುಚಿಸದ ಸಂಕಟ. ನಮ್ಮಲ್ಲಿ ಕೆಲವು ಬಾವಿಗಳ ಗ್ಯಾಸಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಜಾಸ್ತಿಯಾದರೆ ಅದೇ ಮೂಗನ್ನು ಸತ್ತಂತೆ ಮಾಡಿಬಿಡುತ್ತದೆ. ಹಾಗಾಗಿ ಮೂಗನ್ನು ನಂಬಬೇಡಿ, ಡಿಟೆಕ್ಟರ್ ನಂಬಿ ಅಂತ ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ನಿಜ ಹೇಳಬೇಕೆಂದರೆ ಹಳಬರೆಲ್ಲ ಮೂಗನ್ನೂ ಸ್ವಲ್ಪ ನಂಬುತ್ತೇವೆ. ಕೋವಿಡ್ ಆಗಿ ಮರಳಿದವರಿಗೆ ವಾಸನೆ ಬರುತ್ತಿದೆಯಾ ಅಂತ ಕೇಳಿ ಕೆಲಸಕ್ಕೆ ಹಾಕಿದವರನ್ನು ನಾನು ನೋಡಲಿಲ್ಲ. ನೆಗೆಟಿವ್ ಅಂತ ಕಾಗದ ಇದ್ದರೆ ಸಾಕಿತ್ತು.

ಈಗ 47ನೇ ದಿನ. ಇದು ಜ್ವರದ ಕಥೆಗಿಂತ ಮುಂಚಿನದು.

ಡಿಟೆಕ್ಟರನ್ನು ಪರೀಕ್ಷಿಸುವಾಗ ಮೊದಲು ಅದನ್ನು ಬೈಪಾಸ್‌ಗೆ ಹಾಕಬೇಕು. ಇಲ್ಲದಿದ್ದರೆ ಪರೀಕ್ಷೆಯ ಗ್ಯಾಸಿಗೇ ಅದು ಕೂಗಿ ಇಡೀ ಪ್ಲಾಂಟ್ ನಿಂತುಬಿಡಬಹುದು. ಪರೀಕ್ಷೆ ಮುಗಿದ ಮೇಲೆ ಬೈಪಾಸ್ ತೆಗೆಯಬೇಕು. ಬೈಪಾಸ್‌ನಲ್ಲಿ ಉಳಿದ ಡಿಟೆಕ್ಟರ್ ಗೋಡೆಗೆ ನೇತುಹಾಕಿದ ಆಟಿಕೆ. ಹಾಕಿದ್ದು, ತೆಗೆದದ್ದು ಎರಡನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಇದನ್ನು ನಾನು ನೂರಾರು ಸಲ ಮಾಡಿದ್ದೇನೆ. ನಿದ್ದೆಗಣ್ಣಲ್ಲೂ ಮಾಡಬಲ್ಲೆ ಅಂತ ಜಂಬ ಕೊಚ್ಚಿದ್ದೂ ಇದೆ.

47ನೇ ದಿನ ಹಾಗೇ ಆಯಿತು. ಆರು ಡಿಟೆಕ್ಟರ್ ಮುಗಿಸಿದೆ, ಐದರ ಬೈಪಾಸ್ ತೆಗೆದೆ, ಆರನ್ನೂ ತೆಗೆದೆ ಅಂತ ಬರೆದೆ. ಸುಳ್ಳು ಬರೆಯಲಿಲ್ಲ. ತೆಗೆದಂತೆ ನನಗೆ ನೆನಪಿತ್ತು. ಈಗಲೂ ಕಣ್ಣು ಮುಚ್ಚಿದರೆ ತೆಗೆದಂತೆಯೇ ಕಾಣುತ್ತದೆ. ಆ ದಿನಗಳು ಹಾಗೇ ಇದ್ದವು. ಬೆಳಿಗ್ಗೆ ಮಾಡಿದ್ದು ನಿನ್ನೆಯದೋ ಇವತ್ತಿನದೋ ಗೊತ್ತಾಗುತ್ತಿರಲಿಲ್ಲ. ಕಂಪ್ರೆಸರ್ ಪಕ್ಕದ ಆ ಜಾಗದಲ್ಲಿ ಮೂರು ಡಿಟೆಕ್ಟರುಗಳಿದ್ದವು. ಎರಡು ಕೂಗಿದರೆ ಪ್ಲಾಂಟ್ ತಾನಾಗಿ ನಿಲ್ಲುವ ವ್ಯವಸ್ಥೆ. ಒಂದು ಕುರುಡಾದ ಮೇಲೆ ಉಳಿದ ಎರಡೂ ತಪ್ಪದೆ ಕೂಗಲೇಬೇಕು. ಹಾಗೆ ಹದಿನಾಲ್ಕು ಗಂಟೆ ನಡೆಯಿತು. ರಾತ್ರಿ ಪಾಳಿಯ ಕಂಟ್ರೋಲ್ ರೂಮಿನ ಹುಡುಗ ಪರದೆಯ ಮೂಲೆಯಲ್ಲಿ ಇದ್ದ ಸಣ್ಣ ಗುರುತು ನೋಡಿ ಹಿಡಿದ. ಏನೂ ಆಗಲಿಲ್ಲ.

ನಾನೇ ಹೋಗಿ ವರದಿ ಬರೆದುಕೊಟ್ಟೆ. ವರದಿ ದಡಕ್ಕೆ ಹೋಗಿ, ಕಾರಣ ಹುಡುಕಿ ವಾಪಸ್ ಬಂತು. ಕಾರಣದ ಕಾಲಂನಲ್ಲಿ ಬರೆದಿದ್ದದ್ದು ಮೂರೇ ಪದ: ಟೆಕ್ನಿಷಿಯನ್ ಗಮನ ಕೊಟ್ಟಿಲ್ಲ. ಪರಿಹಾರ: ಮರು ತರಬೇತಿ. ಆ ಎರಡು ಪುಟದ ವರದಿಯಲ್ಲಿ ಹವಾಮಾನ ಇತ್ತು, ಬೆಳಕು ಎಷ್ಟಿತ್ತು ಅಂತ ಇತ್ತು, ನಾನು ಯಾವ ಕೈಗವಸು ಹಾಕಿದ್ದೆ ಅನ್ನುವುದೂ ಇತ್ತು. ಅದು ನನ್ನ 47ನೇ ದಿನ ಅನ್ನುವುದು ಎಲ್ಲೂ ಇರಲಿಲ್ಲ. ಬರೆಯಲು ಕಾಲಂ ಇರಲಿಲ್ಲ.

ನಮ್ಮ ಕೆಲಸದಲ್ಲಿ ಎಲ್ಲರೂ ಕಲಿಯುವ ಪಾಠ ಪೈಪರ್ ಆಲ್ಫಾ ಅನ್ನುವ ಪ್ಲಾಟ್‌ಫಾರ್ಮಿನದು. 1988ರ ಜುಲೈ 6ರ ರಾತ್ರಿ, ಉತ್ತರ ಸಮುದ್ರದಲ್ಲಿ, 167 ಜನ ಸತ್ತರು. ರಿಪೇರಿಗೆ ಅಂತ ಒಂದು ಪಂಪಿನ ಸುರಕ್ಷತಾ ವಾಲ್ವ್ ತೆಗೆದಿದ್ದರು. ಆ ಮಾತು ಪಾಳಿ ಬದಲಾಗುವಾಗ ಮುಂದಿನವರಿಗೆ ತಲುಪಲಿಲ್ಲ. ಅವರು ಪಂಪ್ ಶುರು ಮಾಡಿದರು, ಗ್ಯಾಸ್ ಸೋರಿ ಸ್ಫೋಟವಾಯಿತು. ಆಮೇಲೆ ನ್ಯಾಯಾಧೀಶ ಲಾರ್ಡ್ ಕಲೆನ್ ವಿಚಾರಣೆ ನಡೆಸಿ 106 ಶಿಫಾರಸು ಕೊಟ್ಟರು. ಇವತ್ತು ಕೆಲಸ ಶುರು ಮಾಡುವ ಮುಂಚೆ ನಾವು ಹಿಡಿಯುವ ಲಿಖಿತ ಒಪ್ಪಿಗೆಯ, ಅಂದರೆ ಪರ್ಮಿಟ್ಟಿನ ಕಟ್ಟುನಿಟ್ಟು, ಪಾಳಿ ಬದಲಾಗುವಾಗ ಕೂತು ಮಾತಾಡುವ ಪದ್ಧತಿ, ಎಲ್ಲಕ್ಕೂ ಆ ರಾತ್ರಿಯ ನೆರಳಿದೆ. ಕೋವಿಡ್ ಹೊತ್ತಿನಲ್ಲಿ ಮೊದಲು ಹೋದದ್ದು ಅದೇ ಕೂತು ಮಾತಾಡುವುದು. ನನ್ನ ಬದಲಿಗೆ ಬಂದವನು ಹೆಲಿಕಾಪ್ಟರಿನಿಂದ ಒಂದು ಬಾಗಿಲಿನಿಂದ ಇಳಿದು ಹೋದ, ನಾನು ಇನ್ನೊಂದು ದಾರಿಯಿಂದ ಹೋಗಿ ಹತ್ತಿದೆ. ಇಬ್ಬರೂ ದೂರದಿಂದ ಕೈ ಎತ್ತಿದೆವು. 61 ದಿನದ ಕೆಲಸವನ್ನು ಅವನಿಗೆ ನಾಲ್ಕು ಪುಟದಲ್ಲಿ ಬರೆದಿಟ್ಟಿದ್ದೆ. ಅದರಲ್ಲಿ ಏನೇನು ಬಿಟ್ಟಿದ್ದೆನೋ ದೇವರಿಗೇ ಗೊತ್ತು. ಆ ಸ್ಥಿತಿಯಲ್ಲಿದ್ದ ತಲೆ ಬರೆದ ನಾಲ್ಕು ಪುಟ ಅದು.

ಇನ್ನೊಂದು ಕಡೆಯಿಂದಲೂ ನಾವು ಬಿಟ್ಟುಹೋದೆವು. ಆ ವರ್ಷ ಹಡಗುಗಳಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ಸಿಕ್ಕಿಕೊಂಡಿದ್ದರು. ಅವರಿಗಾದರೂ 2006ರ ಕಡಲ ಕಾರ್ಮಿಕ ಒಪ್ಪಂದ ಅಂತ ಒಂದಿದೆ. ಅದರ ಪ್ರಕಾರ ಸಾಮಾನ್ಯವಾಗಿ 11 ತಿಂಗಳಿಗಿಂತ ಜಾಸ್ತಿ ಹಡಗಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅವರ ಮಿತಿಯೂ ಮುರಿಯಿತು, ಆದರೆ ಮುರಿಯಿತು ಅಂತ ಹೇಳಲು ಒಂದು ಮಿತಿ ಇತ್ತು. ಕಡಲ ತಳಕ್ಕೆ ಕಾಲೂರಿ ನಿಂತ ನಮ್ಮ ಪ್ಲಾಟ್‌ಫಾರ್ಮ್ ಹಡಗಲ್ಲ, ಹಾಗಾಗಿ ನಾವು ನಾವಿಕರಲ್ಲ. ದಡದ ಕಾರ್ಖಾನೆಯವರೂ ಅಲ್ಲ, ಅವರು ಸಂಜೆ ಮನೆಗೆ ಹೋಗುತ್ತಾರೆ. 2020ರ ಡಿಸೆಂಬರ್ 1ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ನಾವಿಕರನ್ನೂ ಇತರ ಕಡಲ ಸಿಬ್ಬಂದಿಯನ್ನೂ ಅಗತ್ಯ ಕೆಲಸಗಾರರು ಅಂತ ಗುರುತಿಸಿ ಎಂದು ದೇಶಗಳಿಗೆ ಹೇಳಿತು. ಆ 'ಇತರ' ಅನ್ನುವ ಪದದಲ್ಲಿ ನಾವಿದ್ದೇವೆಯೇ ಅಂತ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು ವಾದ ಮಾಡಿದವರು ನಮ್ಮಲ್ಲಿ ಇದ್ದಾರೆ. ಲಸಿಕೆ ಬಂದ ಮೇಲೂ ಅಷ್ಟೇ. ಒಂದು ದೇಶ ಒಪ್ಪುವ ಲಸಿಕೆಯನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ನಾಲ್ಕಾರು ದೇಶದವರು ಸೇರಿ ಕೆಲಸ ಮಾಡುವ ಕಡೆ ಬದಲಿಯವನು ಯಾವ ದಿನ ಬರುತ್ತಾನೆ ಅಂತ ಹೇಳುವುದು ಹವಾಮಾನ ಹೇಳಿದಂತೆ.

ಗಡಿ ಮುಚ್ಚಿದ್ದು ಸರ್ಕಾರಗಳು, ನಾವೇನು ಮಾಡೋಣ ಅಂತ ಕಂಪನಿಯವರು ಹೇಳುತ್ತೀರಿ. ಒಪ್ಪುತ್ತೇನೆ. ಬಿರುಗಾಳಿಯನ್ನೂ ನೀವು ತರುವುದಿಲ್ಲ. ಆದರೂ ಅದಕ್ಕೆ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆ.

ಎಲ್ಲವೂ ಕೆಟ್ಟದಾಗಿತ್ತು ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಜನರನ್ನು ಕಡಿಮೆ ಮಾಡಿ ಕ್ಯಾಬಿನ್ನಿಗೆ ಒಬ್ಬರಂತೆ ಮಲಗಿಸಲು ನೋಡಿದಿರಿ, ಆಗದ ಕಡೆ ಆಗಲಿಲ್ಲ. ಕೆಲವು ಕಡೆ ಸೋಂಕಿತರನ್ನು ಕರೆತರಲೆಂದೇ ಬೇರೆ ಹೆಲಿಕಾಪ್ಟರ್ ಮೀಸಲಿಟ್ಟರು. ನಮ್ಮ ಮೆಡಿಕ್ ಹನ್ನೊಂದು ರಾತ್ರಿ ಕುರ್ಚಿಯಲ್ಲೇ ಮಲಗಿದರು. ಕೇಟರಿಂಗ್ ಹುಡುಗರು ಒಬ್ಬೊಬ್ಬರ ತಟ್ಟೆಗೂ ತಾವೇ ಬಡಿಸಿ, ಪ್ರತಿ ಪಾಳಿಯ ನಡುವೆ ಮೇಜು ಕುರ್ಚಿ ಒರೆಸಿ, ಆಮೇಲೆ ಉಳಿದದ್ದು ಉಂಡರು. ಅವರ ಸಂಬಳ ನಮ್ಮೆಲ್ಲರಿಗಿಂತ ಕಡಿಮೆ. ಅವರಿಗೆ ಪ್ರಶಂಸಾ ಪತ್ರ ಕೊಟ್ಟದ್ದು ನೆನಪಿದೆ.

ಆದರೆ ಜನ ಕಡಿಮೆಯಾದಾಗ ಕೆಲಸ ಕಡಿಮೆಯಾಗಲಿಲ್ಲ. ತುಕ್ಕು ಕೋವಿಡ್ ನೋಡಿ ನಿಲ್ಲುವುದಿಲ್ಲ. ಮುಂದೂಡಿದ ರಿಪೇರಿಗಳ ಪಟ್ಟಿ ಉದ್ದವಾಯಿತು, ಅದನ್ನು ದಣಿದ ಅರ್ಧ ಜನ ಎಳೆದರು.

ನಾನು ಕೇಳುವುದಕ್ಕೆ ಬರುತ್ತೇನೆ. ನನಗೆ ಹೊಸ ವಿಭಾಗ ಬೇಡ, ಹೊಸ ಪೋಸ್ಟರ್ ಅಂತೂ ಬೇಡವೇ ಬೇಡ. ಡಿಟೆಕ್ಟರಿಗೆ ಇರುವ ವ್ಯವಸ್ಥೆಯನ್ನೇ ನಮಗೂ ಹಾಕಿ. 28 ದಿನದ ಪಾಳಿಯವನ ಹೆಸರಿನ ಮುಂದೆ 29ನೇ ದಿನ ಕೆಂಪು ಗೆರೆ ಬೀಳಲಿ. ಯಾಕೆ ತಡ, ಅಲ್ಲಿಯವರೆಗೆ ಅವನ ಕೆಲಸದಲ್ಲಿ ಏನು ಬದಲಾವಣೆ, ಯಾವ ಕೆಲಸ ಅವನು ಒಬ್ಬನೇ ಮಾಡುವ ಹಾಗಿಲ್ಲ, ಬದಲಿ ಯಾವ ದಿನ ಬರುತ್ತಾನೆ, ಇದಕ್ಕೆ ಒಪ್ಪಿದವರು ಯಾರು ಅಂತ ಬರೆಯಲಿ. ಇಲಾಖೆಯ ಹೆಸರು ಸಾಲದು, ಒಬ್ಬ ಮನುಷ್ಯನ ಹೆಸರು ಇರಲಿ. ವಾರ ವಾರ ಅದೇ ಕಾಗದ ಹೊಸದಾಗಿ ಸಹಿ ಆಗಲಿ. 42ನೇ ದಿನ ದಾಟಿದವನು ಬೈಪಾಸ್, ಪರ್ಮಿಟ್, ಕ್ರೇನ್ ಮುಟ್ಟದಿರಲಿ. 42 ಅನ್ನುವುದು ನನ್ನ ಲೆಕ್ಕ. ದಣಿವಿನ ಬಗ್ಗೆ ನನಗಿಂತ ಬಲ್ಲ ವೈದ್ಯರನ್ನು ಕೇಳಿ ಇನ್ನೂ ಕಡಿಮೆ ಮಾಡಿದರೆ ಸಂತೋಷ. ಒಟ್ಟಿನಲ್ಲಿ ಒಂದು ಸಂಖ್ಯೆ ಇರಲಿ.

ಸಹಿ ಹಾಕಬೇಕಾದ ಕೈ ಬದಲಿಯನ್ನು ಬೇಗ ಹುಡುಕುತ್ತದೆ. ಇದು ನನ್ನ ಅನುಭವ. ಡಿಟೆಕ್ಟರ್ ಬಿಡಿಭಾಗ ಸಿಗುವುದಿಲ್ಲ ಅಂತ ತಿಂಗಳುಗಟ್ಟಲೆ ಹೇಳಿದ ಆಫೀಸು, ಸಹಿ ಮಾಡಿ ಅಂದಾಗ ನಾಲ್ಕು ದಿನದಲ್ಲಿ ತರಿಸಿಕೊಟ್ಟದ್ದನ್ನು ಕಂಡಿದ್ದೇನೆ.

ಕ್ವಾರಂಟೈನ್ ದಿನ ಕೆಲಸದ ದಿನ. ಪರ್ಮನೆಂಟಿನವರಿಗೂ ಗುತ್ತಿಗೆಯವರಿಗೂ ಕೇಟರಿಂಗ್‌ನವರಿಗೂ ಒಂದೇ ಲೆಕ್ಕ. ಇದನ್ನು ರೋಗ ಬಂದ ಮೇಲೆ ಚೌಕಾಸಿ ಮಾಡಿ ಕೊಡುವುದಲ್ಲ, ಈಗಲೇ ಗುತ್ತಿಗೆಯ ಕರಾರಿನಲ್ಲಿ ಬರೆಯಿರಿ. ಜ್ವರ ಅಂತ ಬಂದು ಹೇಳಿದವನಿಗೆ ಆ ಪಾಳಿಯ ಪೂರ್ತಿ ಸಂಬಳ, ಮುಂದಿನ ಪಾಳಿಗೆ ಅವನ ಜಾಗ ಅವನಿಗೇ. ಇದು ದುಬಾರಿ ಅನ್ನಿಸಿದರೆ, ಒಂದು ಜ್ವರ ಮುಚ್ಚಿಟ್ಟದ್ದರಿಂದ ನಮ್ಮಲ್ಲಿ ಎಷ್ಟು ದಿನದ ಕೆಲಸ ನಿಂತಿತು, ಎಷ್ಟು ಹೆಲಿಕಾಪ್ಟರ್ ಹಾರಿತು ಅನ್ನುವ ಲೆಕ್ಕ ನಿಮ್ಮ ಬಳಿಯೇ ಇದೆ. ತೆಗೆದು ನೋಡಿ.

ಪಾಳಿ ಬದಲಾಗುವಾಗ ಮುಖ ನೋಡಿ ಮಾತಾಡಲು ಆಗದಿದ್ದರೆ ಬದಲಿಯವನು ಇನ್ನೂ ಹೋಟೆಲ್ಲಿನ ಕೋಣೆಯಲ್ಲಿ ಇರುವಾಗಲೇ ವಿಡಿಯೋದಲ್ಲಿ ಮಾತಾಡಿಸಿ. 14 ದಿನ ಅವನು ಸೂರು ನೋಡುತ್ತಾ ಮಲಗಿರುತ್ತಾನೆ. ದಿನಕ್ಕೆ ಅರ್ಧ ಗಂಟೆ ನಾವಿಬ್ಬರೂ ಮಾತಾಡಿದ್ದರೆ ನನ್ನ ನಾಲ್ಕು ಪುಟದಲ್ಲಿ ಬಿಟ್ಟದ್ದೆಲ್ಲ ಅವನಿಗೆ ಸಿಗುತ್ತಿತ್ತು. ಅವನಿಗೂ ಒಬ್ಬ ಮನುಷ್ಯನ ದನಿ ಕೇಳಿದಂತಾಗುತ್ತಿತ್ತು.

ನಿಯಮ ಬರೆಯುವ ಅಧಿಕಾರಿಗಳಲ್ಲಿ ಕೇಳುವುದು ಒಂದು ಸಣ್ಣ ಬದಲಾವಣೆ. ಅವಘಡ ಆದರೂ, ಆಗುವುದು ತಪ್ಪಿದರೂ, ನಿಮಗೆ ಬರುವ ವರದಿಯ ನಮೂನೆಯಲ್ಲಿ ಒಂದು ಕಾಲಂ ಸೇರಿಸಿ: ಆ ದಿನ ಆ ಕೆಲಸಗಾರನ ಪಾಳಿಯ ಎಷ್ಟನೇ ದಿನ? ಕ್ವಾರಂಟೈನ್ ದಿನಗಳನ್ನೂ ಸೇರಿಸಿ ಬರೆಯಲು ಹೇಳಿ. ಹಾಗೆ ಬರೆದಿದ್ದರೆ ನನ್ನದು 47 ಅಲ್ಲ, 61 ಆಗುತ್ತಿತ್ತು.

ಮುಂದಿನ ತಿಂಗಳು ನಾನು ಮತ್ತೆ ಪಾಳಿಗೆ ಹೊರಡುತ್ತೇನೆ. ಆ ಪುಸ್ತಕ ಇನ್ನೂ ಮೆಸ್‌ನಲ್ಲೇ ಇದೆ, ನನ್ನ ಸಹಿಯ ಜಾಗ ಖಾಲಿ ಇದೆ. ನಿಮ್ಮ ಉತ್ತರ ಅದಕ್ಕೆ ಮುಂಚೆ ಬಂದರೆ ದಡದಲ್ಲೇ ಓದಿಕೊಂಡು ಹೋಗುತ್ತೇನೆ. ಅಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ.

ಇಂತಿ,
ಒಬ್ಬ ಗುತ್ತಿಗೆ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್